“ಕಾಲೇಜು ಖರ್ಚು ಅರ್ಧರ್ಧ” ಎಂದು ಬರೆದರೆ ಸಾಕೇ? ವಿಚ್ಛೇದನದ ರಾಜಿ ಪತ್ರದಲ್ಲಿ ಮಕ್ಕಳ ಜೀವನಾಂಶ, ಓದಿನ ಖರ್ಚು

ಕರಡುಪ್ರತಿ

ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಗಳಲ್ಲಿ (ಹಿಂದೂ ವಿವಾಹ ಕಾಯ್ದೆ, ಕಲಂ 13ಬಿ) ಒಡವೆ, ಸೈಟು, ಕಾರಿನ ಬಗ್ಗೆ ಎರಡೆರಡು ಪುಟ ಇರುತ್ತದೆ. ಮಕ್ಕಳ ಪಾಲಿಗೆ ಉಳಿಯುವುದು ಮೂರು ಸಾಲು. ಚರ್ಚೆಗೆಂದು ಒಂದು ಮಾದರಿ ಇಡುತ್ತಿದ್ದೇನೆ, ಇದು ಯಾರ ಕೇಸೂ ಅಲ್ಲ:

“ಅಪ್ರಾಪ್ತ ಮಗಳು (9 ವರ್ಷ) ತಾಯಿಯ ಪಾಲನೆಯಲ್ಲಿರತಕ್ಕದ್ದು. ತಂದೆಯು ಮಗಳ ಜೀವನಾಂಶಕ್ಕಾಗಿ ತಿಂಗಳಿಗೆ ರೂ. 15,000 ಕೊಡತಕ್ಕದ್ದು. ಮಗಳ ಉನ್ನತ ವ್ಯಾಸಂಗದ ಖರ್ಚನ್ನು ಉಭಯತರೂ ಸಮನಾಗಿ ಭರಿಸತಕ್ಕದ್ದು.”

ತಂದೆಯ ಕೈಗೆ ಬರುವ ಸಂಬಳ 90,000, ತಾಯಿಯದು 60,000 ಎಂದಿಟ್ಟುಕೊಳ್ಳಿ. ಒಂಬತ್ತು ವರ್ಷ ಕಳೆದ ಮೇಲೆ ಇದು ಎಲ್ಲಿ ಮುರಿಯುತ್ತದೆ? ಹೇಗೆ ಬರೆದರೆ ನಿಲ್ಲುತ್ತದೆ? ತಪ್ಪು ಯಾರದು ಎಂಬ ಪಂಚಾಯಿತಿ ಬೇಡ. ಷರತ್ತಿನ ಮಾತು, ಲೆಕ್ಕ, ದಾಖಲೆ, ಇಷ್ಟೇ ಸಾಕು.

ಅಮಲ್ಜಾರಿ

ಮೂರನೇ ಸಾಲು ಇದ್ದೂ ಇಲ್ಲದ ಹಾಗೆ. ಡಿಕ್ರಿಯಂತೆ (ಕೋರ್ಟಿನ ಅಂತಿಮ ಆದೇಶದಂತೆ) ಹಣ ಬರಲಿಲ್ಲ ಎಂದು ಅಮಲ್ಜಾರಿ (ಆದೇಶ ಜಾರಿ) ಅರ್ಜಿ ಹಾಕಿದಾಗ ಕೋರ್ಟು ನೋಡುವುದು ಎಷ್ಟು ಹಣ, ಯಾವ ತಾರೀಖಿಗೆ, ಯಾರ ಕೈಗೆ ಎಂಬುದನ್ನು. “ಉನ್ನತ ವ್ಯಾಸಂಗ” ಅಂದರೆ ಪಿಯುಸಿಯೋ, ಪದವಿಯೋ, ಎಂ.ಟೆಕ್ ಕೂಡ ಸೇರಿತೋ? “ಖರ್ಚು” ಅಂದರೆ ಬೋಧನಾ ಶುಲ್ಕ ಮಾತ್ರವೋ, ಹಾಸ್ಟೆಲು, ಮೆಸ್ಸು, ಲ್ಯಾಪ್‌ಟಾಪು, ನೀಟ್ ಕೋಚಿಂಗೂ ಉಂಟೋ? “ಸಮನಾಗಿ” ಸರಿ, ಆದರೆ ಮೊದಲು ಕಟ್ಟುವವರು ಯಾರು? ಎದುರು ಕಡೆಯ ವಕೀಲರು ಇದರಲ್ಲಿ ಒಂದನ್ನು ಹಿಡಿದುಕೊಂಡರೂ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಕಾಲೇಜಿನ ಶುಲ್ಕದ ಗಡುವು ಮಾತ್ರ ಕಾಯುವುದಿಲ್ಲ.

ಇದಕ್ಕೂ ಮೊದಲು ಕಾಗದ ಯಾವ ಜಾತಿಯದು ನೋಡಿಕೊಳ್ಳಿ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುಂದೆ ಸಹಿ ಹಾಕಿದ ಒಪ್ಪಂದ ಸಾಕ್ಷ್ಯಕ್ಕೆ ಆಗಬಹುದು, ನೇರ ಅಮಲಿಗೆ ಬರುವುದಿಲ್ಲ. ಅದರ ಮೇಲೆ ಹೊಸದಾಗಿ ದಾವೆಯನ್ನೇ ಹೂಡಬೇಕು. ಷರತ್ತುಗಳು 13ಬಿ ಅರ್ಜಿಯೊಳಗೇ ಇರಬೇಕು, ಇಲ್ಲವೇ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಾಡಿಕೊಂಡ ರಾಜಿ ಪತ್ರದಲ್ಲಿ ಇರಬೇಕು. ಕೌಟುಂಬಿಕ ನ್ಯಾಯಾಲಯದ ಆದೇಶದಲ್ಲಿ “ರಾಜಿ ಪತ್ರದ ಷರತ್ತುಗಳು ಈ ಡಿಕ್ರಿಯ ಭಾಗ” ಎಂಬ ಮಾತು ಬರಲೇಬೇಕು. “ವಿವಾಹ ವಿಸರ್ಜಿಸಲಾಗಿದೆ” ಎಂದಷ್ಟೇ ಇರುವ ಡಿಕ್ರಿ ಹಿಡಿದು ಬಂದರೆ ಮಗುವಿನ ಹಣಕ್ಕೆ ಬೇರೆ ದಾರಿ ಹುಡುಕಬೇಕಾಗುತ್ತದೆ. ದೃಢೀಕೃತ ನಕಲು ಕೈಗೆ ಬಂದ ದಿನವೇ ಓದಿ. ತಿದ್ದುಪಡಿ ಆಗಲೇ ಸುಲಭ.

ತುಂಗಾತೀರ

ಮಗಳಿಗೆ 18 ತುಂಬಿದ ಕೂಡಲೇ ತಂದೆಯ ಹೊಣೆ ಮುಗಿಯಿತು ಅನ್ನುತ್ತಾರಲ್ಲ, ಅದು ನಿಜವೇ? ಹಾಗಾದರೆ ಕಾಲೇಜಿನ ಷರತ್ತಿಗೆ ಬೆಲೆಯೇನು? ಎಲ್ಲರೂ ಕಾಲೇಜಿಗೆ ಸೇರುವುದೇ ಆ ವಯಸ್ಸಿಗೆ.

ಕಲಂಕಾರ

ಮೇಡಂ, ಮಗ, ಮಗಳು ಇಬ್ಬರಿಗೂ ಒಂದೇ ಉತ್ತರ ಅಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 (2024ರ ಜುಲೈ 1ಕ್ಕೆ ಮುಂಚೆ ದಂಡ ಪ್ರಕ್ರಿಯಾ ಸಂಹಿತೆಯ 125) ಎಲ್ಲ ಧರ್ಮದವರಿಗೂ ಅನ್ವಯ. ಅದರಲ್ಲಿ ಮಕ್ಕಳಿಗೆ ಜೀವನಾಂಶ ಸಿಗುವುದು ಅಪ್ರಾಪ್ತರಾಗಿರುವವರೆಗೆ. ಪ್ರಾಪ್ತ ವಯಸ್ಸಿನ ಮೇಲೆ ಬೇಕೆಂದರೆ ದೈಹಿಕ ಅಥವಾ ಮಾನಸಿಕ ಊನದಿಂದ ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ಸ್ಥಿತಿ ಇರಬೇಕು.

ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ ಕಲಂ 20 ಇನ್ನಷ್ಟು ಮುಂದೆ ಹೋಗುತ್ತದೆ. ಮದುವೆಯಾಗದ ಮಗಳು ಸ್ವಂತ ಸಂಪಾದನೆಯಿಂದ ಬದುಕಲಾರದಿದ್ದರೆ 18 ದಾಟಿದರೂ ಹೊಣೆ ಉಳಿಯುತ್ತದೆ. 2020ರಲ್ಲಿ ಅಭಿಲಾಷಾ ವಿರುದ್ಧ ಪ್ರಕಾಶ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಅದೇ ಕಾಯ್ದೆಯ ಕಲಂ 3(ಬಿ) ಪ್ರಕಾರ “ಜೀವನಾಂಶ” ಎಂಬ ಪದದೊಳಗೇ ಊಟ, ಬಟ್ಟೆ, ವಸತಿ, ಚಿಕಿತ್ಸೆಯ ಜೊತೆ ಓದೂ ಇದೆ. ಆದ್ದರಿಂದ ಓದಿನ ಹಣ ಔದಾರ್ಯದ ಮಾತಲ್ಲ.

ಮಗನಿಗೆ 18ರ ನಂತರ ಇಷ್ಟು ಸ್ಪಷ್ಟ ಕಲಂ ಇಲ್ಲ. ಆದರೆ 2021ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ (ಚಂದ್ರಶೇಖರ್ ವಿರುದ್ಧ ಸ್ವಪ್ನಿಲ್) ಸುಪ್ರೀಂ ಕೋರ್ಟು, ಮೊದಲ ಪದವಿ ಮುಗಿಯುವುದೇ 18 ದಾಟಿದ ಮೇಲೆ, ಹಾಗಾಗಿ 18ಕ್ಕೆ ನಿಲ್ಲಿಸಿದರೆ ಸಾಲದು ಎಂದಿತು. ತಿಂಗಳಿಗೆ 20,000 ಇದ್ದದ್ದನ್ನು 10,000ಕ್ಕೆ ಇಳಿಸಿ, ಪ್ರತಿ ಹಣಕಾಸು ವರ್ಷ 1,000 ಏರಿಸುತ್ತ ಪದವಿ ಮುಗಿಯುವವರೆಗೆ ಕೊಡಿ ಎಂದು ಆದೇಶಿಸಿತು. ಗಂಡುಮಗನಿದ್ದರೆ ಅವಧಿಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ. ಕಾಯ್ದೆ ಬಿಟ್ಟ ಜಾಗವನ್ನು ಒಪ್ಪಂದ ತುಂಬಬೇಕು.

ಒಂದೇಗಂಟು

ಇಷ್ಟೆಲ್ಲ ಯಾಕೆ? ತಿಂಗಳು ತಿಂಗಳು ಕೈಚಾಚುವ ಬದಲು ಒಂದೇ ಸಲ 25 ಲಕ್ಷ ತೆಗೆದುಕೊಂಡು “ಮುಂದೆ ಮಗಳ ಪರವಾಗಿ ಏನೂ ಕೇಳುವುದಿಲ್ಲ” ಎಂದು ಬರೆದುಕೊಟ್ಟರೆ ಇಬ್ಬರಿಗೂ ನೆಮ್ಮದಿ.

ಕಲಂಕಾರ

ಮೊದಲ ಅರ್ಧ ಸರಿ, ಎರಡನೇ ಅರ್ಧ ನಿಲ್ಲುವುದಿಲ್ಲ. ಜೀವನಾಂಶದ ಹಕ್ಕು ಮಗುವಿನದು. ತಾಯಿ ತನ್ನ ಪಾಲಿನದನ್ನು ಬಿಟ್ಟುಕೊಡಬಹುದು, ಮಗಳದ್ದನ್ನು ಬಿಟ್ಟುಕೊಡಲು ಆಕೆ ಯಾರು? ಅಂಥ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಬಿದ್ದುಹೋಗುತ್ತದೆ. ಕೊಡುವವರಿಗೂ ಇದು ಗೊತ್ತಿರಬೇಕು. “ಎಲ್ಲ ಮುಗಿಯಿತು” ಎಂದು ನಂಬಿ ದೊಡ್ಡ ಗಂಟು ಕೊಟ್ಟವರಿಗೆ ಐದು ವರ್ಷದ ನಂತರ ಮಗಳ ಹೆಸರಿನಲ್ಲಿ ನೋಟಿಸು ಬರಬಹುದು.

ಗಂಟಾಗಿಯೇ ಕೊಡುವುದಿದ್ದರೆ ಒಡೆದು ಬರೆಯಿರಿ. “25 ಲಕ್ಷದಲ್ಲಿ 10 ಲಕ್ಷ ಪತ್ನಿಯ ಶಾಶ್ವತ ಜೀವನಾಂಶ, 15 ಲಕ್ಷ ಮಗಳ ಓದಿಗೆ, ಮಗಳ ಹೆಸರಿನ ಠೇವಣಿಯಲ್ಲಿ” ಎಂದು. ಹಾಗೆ ಬರೆದಿದ್ದರೆ ಮುಂದೆ ಲೆಕ್ಕ ಕೇಳುವಾಗ ಆ 15 ಲಕ್ಷವನ್ನು ಕೋರ್ಟು ಗಣನೆಗೆ ತೆಗೆದುಕೊಳ್ಳುತ್ತದೆ. ಒಟ್ಟು ಮೊತ್ತ ಮಾತ್ರ ಬರೆದಿದ್ದರೆ ಯಾವುದು ಯಾರದು ಎಂದು ಸಾಧಿಸುವುದು ಕಷ್ಟ.

2025ರ ಜನವರಿ 2ರ ಸುಪ್ರೀಂ ಕೋರ್ಟ್ ಆದೇಶವನ್ನೂ ನೋಡಿ. 26 ವರ್ಷದಿಂದ ಬೇರೆಯಿದ್ದ ದಂಪತಿ. ಐರ್ಲೆಂಡಿನಲ್ಲಿ ಓದುತ್ತಿದ್ದ ಮಗಳಿಗೆಂದು ತಂದೆ ಕೊಟ್ಟ 43 ಲಕ್ಷವನ್ನು ಆಕೆ ಬೇಡ ಎಂದಳು. ಅದು ಆಕೆಗೆ ಸೇರಿದ್ದು, ಓದಿನ ಖರ್ಚನ್ನು ಹೆತ್ತವರಿಂದ ಪಡೆಯುವುದು ಮಗಳ ಹಕ್ಕು ಎಂದಿತು ಕೋರ್ಟು. ಅಲ್ಲಿಯೂ 73 ಲಕ್ಷದ ಒಪ್ಪಂದದಲ್ಲಿ ಹೆಂಡತಿಯ ಪಾಲು ಬೇರೆ, ಮಗಳ ಪಾಲು ಬೇರೆ ಇತ್ತು.

ಲೆಕ್ಕದಪುಸ್ತಕ

ಅಂಕಿಗೆ ಬರೋಣ.

ಮೊದಲು ಪಾಲು. 90:60 ಅಂದರೆ 60:40. ತಾಯಿಯೂ ದುಡಿಯುತ್ತಿದ್ದರೆ ಮಕ್ಕಳ ಖರ್ಚನ್ನು ಆದಾಯದ ಪ್ರಮಾಣದಲ್ಲಿ ಹಂಚಬಹುದು ಎಂದು ರಜನೇಶ್ ವಿರುದ್ಧ ನೇಹಾ (2020) ತೀರ್ಪಿನಲ್ಲೇ ಇದೆ. ಅದೇ ತೀರ್ಪು ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆ ಆಸ್ತಿ–ಸಾಲದ ಪ್ರಮಾಣಪತ್ರ ಸಲ್ಲಿಸಬೇಕು ಎಂದಿತು. ಒಪ್ಪಿಗೆಯ ವಿಚ್ಛೇದನದಲ್ಲೂ ಅದೇ ನಮೂನೆ ತುಂಬಿ ಪರಸ್ಪರ ಕೊಟ್ಟುಕೊಂಡರೆ ಶೇಕಡಾವಾರು ಅಂದಾಜಿನ ಮೇಲೆ ನಿಲ್ಲುವುದಿಲ್ಲ. “ಸಮನಾಗಿ” ಎಂಬ ಪದ ಕಿವಿಗೆ ಹಿತ. 60,000 ಸಂಬಳದವರಿಗೆ ಅದರ ಭಾರ ಬೇರೆ.

ಇನ್ನು ಏರಿಕೆ. 15,000 ಅಂತ ಬರೆದು ಸುಮ್ಮನಾದರೆ, ಬೆಲೆ ವರ್ಷಕ್ಕೆ ಶೇ 6 ಏರುತ್ತದೆ ಎಂದುಕೊಂಡರೂ 9 ವರ್ಷದ ನಂತರ ಅದರ ಬೆಲೆ ಇವತ್ತಿನ ಸುಮಾರು 8,900. ಪ್ರತಿ ಏಪ್ರಿಲ್ 1ಕ್ಕೆ ಶೇ 8 ಏರಿಕೆ ಎಂದು ಬರೆದರೆ 9 ವರ್ಷಕ್ಕೆ ಹೆಚ್ಚೂಕಡಿಮೆ ದುಪ್ಪಟ್ಟು, 29,985 ರೂಪಾಯಿ. “ಕಾಲಕಾಲಕ್ಕೆ ಸೂಕ್ತವಾಗಿ ಹೆಚ್ಚಿಸತಕ್ಕದ್ದು” ಅಂತ ಬರೆಯುವವರಿಗೆ ಏನು ಹೇಳಲಿ, ಆ “ಸೂಕ್ತ” ಎಷ್ಟು ಎನ್ನುವುದಕ್ಕೇ ಇನ್ನೊಂದು ಕೇಸು ಬೇಕು.

ಕಾಲೇಜಿನ ಗಂಟನ್ನು ಈಗಿನಿಂದಲೇ ಕೂಡಿಸಬೇಕು. ತಿಂಗಳಿಗೆ 5,000ದಂತೆ ಶೇ 7ರ ಆರ್‌ಡಿಯಲ್ಲಿ 9 ವರ್ಷ ಕಟ್ಟಿದರೆ ಸುಮಾರು 7.5 ಲಕ್ಷ, ತೆರಿಗೆಗೆ ಮುಂಚೆ. 60:40ರಂತೆ ತಂದೆ 3,000, ತಾಯಿ 2,000. ಇದು ತಿಂಗಳ 15,000ದ ಹೊರಗೋ ಒಳಗೋ ಎಂಬುದನ್ನು ಬರೆದೇ ಬಿಡಿ. ಜಗಳ ಶುರುವಾಗುವುದು ಅಲ್ಲೇ.

ಬಸವನಗುಡಿ_ಬೆಣ್ಣೆ

9 ವರ್ಷದ ಹುಡುಗಿ ಅಂದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದಲ್ಲ? ಆರ್‌ಡಿಗಿಂತ ಬಡ್ಡಿ ಜಾಸ್ತಿ, ತೆರಿಗೆಯೂ ಇಲ್ಲ.

ಲೆಕ್ಕದಪುಸ್ತಕ

ತೆರೆಯಬಹುದು, 10 ತುಂಬುವುದರೊಳಗೆ. ಆದರೆ ಕಾಲೇಜಿಗೆ ಅದೊಂದನ್ನೇ ನಂಬಿದರೆ ಕೈಕೊಡುತ್ತದೆ. ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. 9ಕ್ಕೆ ತೆರೆದರೆ ಹುಡುಗಿಗೆ 30 ಆಗಿರುತ್ತದೆ! ಓದಿಗೆ ನಡುವೆ ತೆಗೆಯಬಹುದು, ಆದರೆ 18 ತುಂಬಿದ ಮೇಲೆ ಅಥವಾ 10ನೇ ತರಗತಿ ಪಾಸಾದ ಮೇಲೆ ಮಾತ್ರ. ಅದೂ ಹಿಂದಿನ ಹಣಕಾಸು ವರ್ಷದ ಕೊನೆಯ ಶಿಲ್ಕಿನ ಶೇ 50ರವರೆಗೆ, ಪ್ರವೇಶದ ದಾಖಲೆ, ಶುಲ್ಕದ ಪಟ್ಟಿ ತೋರಿಸಿ. ವರ್ಷಕ್ಕೆ ಒಂದು ಕಂತಿನಂತೆ ಐದು ವರ್ಷದವರೆಗೆ ತೆಗೆಯಲು ಅವಕಾಶ ಇದೆ. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ, 15 ವರ್ಷ ಕಟ್ಟಬೇಕು. ಹುಡುಗಿಯ ಹೆಸರಿಗೆ ಒಂದೇ ಖಾತೆ. ಹಾಗಾಗಿ ತಂದೆ ಹಿಂದೆಯೇ ತೆರೆದಿದ್ದರೆ ತಾಯಿ ಇನ್ನೊಂದು ತೆರೆಯುವಂತಿಲ್ಲ. ಹಳೆಯ ಖಾತೆಯ ಪಾಸ್‌ಬುಕ್ ಯಾರ ಬಳಿ, ಪಾಲಕರಾಗಿ ಯಾರ ಹೆಸರಿದೆ ಎಂಬುದು ರಾಜಿ ಪತ್ರದಲ್ಲಿ ಬರಬೇಕು. 18ಕ್ಕೆ ಖಾತೆ ಹುಡುಗಿಯ ಕೈಗೇ ಹೋಗುತ್ತದೆ.

ಮಗಳ ಹೆಸರಿನ ಎಫ್‌ಡಿಯಲ್ಲಿ ಇನ್ನೊಂದು ಕೊಕ್ಕೆ ಇದೆ. ಅಪ್ರಾಪ್ತರ ಬಡ್ಡಿ ಆದಾಯ, ಮದುವೆ ಮುರಿದ ಮೇಲೆ, ಮಗುವನ್ನು ಸಾಕುತ್ತಿರುವ ಪಾಲಕರ ಆದಾಯಕ್ಕೆ ಸೇರುತ್ತದೆ. 15 ಲಕ್ಷದ ಠೇವಣಿಯ ಬಡ್ಡಿ ಮೇಲೆ ತೆರಿಗೆ ಕಟ್ಟುವವರು ತಾಯಿ. ಆ ತೆರಿಗೆಯನ್ನು ಬಡ್ಡಿಯಿಂದಲೇ ತೆಗೆದುಕೊಳ್ಳಬಹುದು ಎಂಬ ಒಂದು ಸಾಲು ಇರಲಿ.

ಸೀಟುಪಟ್ಟಿ

ಒಪ್ಪಂದ ಬರೆಯುವ ವಕೀಲರಿಗೆ ಕಾಲೇಜು ಪ್ರವೇಶದ ಕ್ಯಾಲೆಂಡರ್ ಗೊತ್ತಿರುವುದಿಲ್ಲ. ಎಡವಟ್ಟಾಗುವುದು ಅಲ್ಲಿ. “ರಶೀದಿ ತೋರಿಸಿದ 30 ದಿನದೊಳಗೆ ಅರ್ಧ ಹಣ ಕೊಡತಕ್ಕದ್ದು” ಎಂಬ ಷರತ್ತು ಸಾಮಾನ್ಯ. ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಿಇಟಿ ಸೀಟು ಹಂಚಿಕೆಯಾಗಿ ಚಾಯ್ಸ್ ಒತ್ತಿದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನ. ತಪ್ಪಿದರೆ ಸೀಟು ಹೋಯಿತು. ಅಷ್ಟರೊಳಗೆ ಇಡೀ ಮೊತ್ತ ಒಬ್ಬರೇ ಹೊಂದಿಸಬೇಕು ಎಂದಾಯಿತು. ಅದರ ಬದಲು, ಮಗು ದ್ವಿತೀಯ ಪಿಯುಸಿಯಲ್ಲಿರುವ ವರ್ಷದ ಮೇ 1ರೊಳಗೆ ಇಬ್ಬರೂ ತಮ್ಮ ಪಾಲಿನ ಮುಂಗಡವನ್ನು ಗೊತ್ತುಪಡಿಸಿದ ಖಾತೆಗೆ ಹಾಕುವುದು, ಪ್ರವೇಶ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡುವುದು, ಹೀಗೆ ಬರೆಯಿರಿ. ಸೀಟು ಬದಲಾಗಿ ವಾಪಸು ಬರುವ ಶುಲ್ಕ, ಕೋರ್ಸು ಮುಗಿದಾಗ ಬರುವ ಕಾಷನ್ ಡಿಪಾಸಿಟ್ಟು ಯಾರಿಗೆ, ಅದನ್ನೂ ಬರೆಯಿರಿ. ಕಟ್ಟಿದ ಪ್ರಮಾಣದಲ್ಲೇ ಹಿಂದಿರುಗಬೇಕು.

ಯಾವ ಸೀಟಿಗೆ ಹೊಣೆ ಎಂಬುದು ಹಣಕ್ಕಿಂತ ದೊಡ್ಡ ಪ್ರಶ್ನೆ. ಸರ್ಕಾರಿ ಕೋಟಾ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ), ಮ್ಯಾನೇಜ್‌ಮೆಂಟ್ ಕೋಟಾ ಮೂರರ ಶುಲ್ಕಕ್ಕೂ ಅಜಗಜಾಂತರ. ಮೂರು ಮೆಟ್ಟಿಲಾಗಿ ಬರೆಯುವುದು ವಾಸಿ. ಕೆಇಎ ಮೂಲಕ ಸಿಕ್ಕ ಸೀಟಿಗೆ ಯಾರ ಒಪ್ಪಿಗೆಯೂ ಬೇಡ, ಇಬ್ಬರೂ ಕಟ್ಟಬೇಕು. ಕಾಮೆಡ್‌ಕೆ ಸೀಟಿಗೆ ವರ್ಷಕ್ಕೆ ಇಂತಿಷ್ಟು ರೂಪಾಯಿವರೆಗೆ ಕಟ್ಟಬೇಕು, ಆ ಮಿತಿಯೂ ಶೇ 8ರಂತೆ ಏರಲಿ. ಮ್ಯಾನೇಜ್‌ಮೆಂಟ್ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯ, ವಿದೇಶಕ್ಕೆ ಮೊದಲೇ ಬರಹದ ಒಪ್ಪಿಗೆ. ಕೇಳಿದ 10 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ. ಈ ಕೊನೆಯ ಮಾತು ಬಿಟ್ಟುಹೋದರೆ ಸುಮ್ಮನಿದ್ದೇ ಸೀಟು ತಪ್ಪಿಸಬಹುದು.

ದಾಖಲೆಗಳನ್ನು ಮರೆಯಬೇಡಿ. ಸಿಇಟಿಯ ಸರ್ಕಾರಿ ಸೀಟಿಗೆ ಸಾಮಾನ್ಯ ದಾರಿ ಎಂದರೆ 1ನೇ ತರಗತಿಯಿಂದ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಪಾಲನೆ ಪಡೆದ ತಾಯಿಯೋ ತಂದೆಯೋ ಪುಣೆಗೋ ಹೈದರಾಬಾದಿಗೋ ವರ್ಗವಾಗಿ ಹೋದರೆ ಈ ಲೆಕ್ಕ ತಪ್ಪುತ್ತದೆ. ಪಾಲಕರ ಓದಿನ ಆಧಾರದ ಮೇಲೆ ಅರ್ಹತೆ ಪಡೆಯುವ ಕಲಮುಗಳೂ ಇವೆ, ಆದರೆ ಆಗ ಆ ಪಾಲಕರ ಶಾಲಾ ದಾಖಲೆ ಬೇಕು. ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371ಜೆ (ಪ್ರಾದೇಶಿಕ ಮೀಸಲಾತಿ) ಅರ್ಹತಾ ಪತ್ರ, ಎಸ್‌ಎನ್‌ಕ್ಯು (ಶುಲ್ಕ ರಿಯಾಯಿತಿಯ ಹೆಚ್ಚುವರಿ) ಸೀಟಿಗೆ 8 ಲಕ್ಷದೊಳಗಿನ ಆದಾಯ ಪತ್ರ, ಇವುಗಳಲ್ಲಿ ಯಾವುದಾದರೂ ತಂದೆಯ ಕಡೆಯಿಂದ ಬರಬೇಕಾಗಿದ್ದರೆ “ಕೇಳಿದ 7 ದಿನದಲ್ಲಿ ಮೂಲ ದಾಖಲೆ ಒದಗಿಸತಕ್ಕದ್ದು” ಎಂಬ ಸಾಲು ಹಾಕಿ. ಹಣ ಕೊಡುವುದಕ್ಕೆ ಒಪ್ಪುವವರೂ ಕಾಗದ ಕೊಡುವುದಕ್ಕೆ ಸತಾಯಿಸುವುದುಂಟು.

ಧಾರವಾಡ_ಪೇಢೆ

ಬ್ಯಾಂಕಿನ ಕಡೆಯಿಂದ ಒಂದ್ ಮಾತ್ ಹೇಳ್ತೀನ್ರಿ. ಎಲ್ಲಾರೂ ಕಡೀಕ “ಸಾಲಾ ತಗೊಂಡ್ರಾತು” ಅಂತಾರ. ಶಿಕ್ಷಣ ಸಾಲಕ್ಕ ಪಾಲಕರ ಸಹ-ಸಾಲಗಾರರ ಸಹಿ ಬೇಕ್ರಿ. ಯಾರು ಸಹಿ ಮಾಡ್ತಾರ ಅಂತ ಒಪ್ಪಂದದಾಗ ಇರಂಗಿಲ್ಲ. ಸಹಿ ಮಾಡಿದವರ ಸಿಬಿಲ್ (ಸಾಲದ ದಾಖಲೆ) ಮ್ಯಾಲೆ ಸಾಲ ಕಾಣಸ್ತದ, ಮುಂದ ಅವರಿಗೆ ಮನಿ ಸಾಲ ಸಿಗೂದು ತ್ರಾಸ್ ಆಗ್ತದ. ಅದಕ್ಕ ಕೊನೀ ಗಳಿಗ್ಯಾಗ ಇಬ್ಬರೂ ಹಿಂದ ಸರೀತಾರ.

ಬ್ಯಾಂಕುಗಳ ಮಾದರಿ ಯೋಜನಾದಾಗ 4 ಲಕ್ಷದ ತನಕ ಕೈಯಿಂದ ಹಾಕೂದು ಇಲ್ಲ, ಅದರ ಮ್ಯಾಲೆ ದೇಶದೊಳಗ ಶೇ 5, ವಿದೇಶಕ್ಕ ಶೇ 15 ನಾವs ಹಾಕಬೇಕು. 7.5 ಲಕ್ಷ ದಾಟಿದ್ರ ಅಡವು ಕೇಳ್ತಾರ. ಆ ಅಡವಿಗೆ ಯಾರ ಮನಿ, ಯಾರ ಹೊಲ? ಕಂತು ಶುರು ಆಗೂದು ಕೋರ್ಸ್ ಮುಗದು ಒಂದ್ ವರ್ಷಕ್ಕ, ಆದ್ರ ಬಡ್ಡಿ ಮೊದಲ ದಿನದಿಂದs ಏರ್ತದ. ಓದೂ ಮುಂದ ಬರೇ ಬಡ್ಡಿ ಕಟ್ಟಿದ್ರ ಸಾಲ ಊದಂಗಿಲ್ಲ. ಆ ಬಡ್ಡೀನ 60:40 ಕಟ್ರಿ ಅಂತ ಬರೀರಿ. ಇನ್ನೊಂದು, ಸಾಲದಿಂದ ಕಟ್ಟಿದ ಶುಲ್ಕ ಅಪ್ಪನ ಪಾಲೋ ಅವ್ವನ ಪಾಲೋ ಮಗಳ ಪಾಲೋ? ಬರೀಲಿಲ್ಲ ಅಂದ್ರ ಎಲ್ಲಾ ಮಗಳ ತಲೀ ಮ್ಯಾಲೆ ಬಿತ್ತು ಅಂತs ತಿಳೀರಿ.

ಕೊಡುವಕೈ

ಕೊಡುವವರ ಕಡೆಯ ಮಾತನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಚರ್ಚೆ ಒಂದೇ ಕಡೆ ವಾಲುತ್ತದೆ.

ಕೆಲಸ ಹೋದರೆ ಏನು? “ಕೆಲಸ ಇಲ್ಲ, ಈ ತಿಂಗಳಿಂದ ಕೊಡಲಾಗದು” ಎಂದು ವಾಟ್ಸಾಪ್ ಕಳಿಸಿ ನಿಲ್ಲಿಸಿದರೆ ಬಾಕಿ ಏರುತ್ತಲೇ ಹೋಗುತ್ತದೆ. ಕೂಡಲೇ ಬದಲಾವಣೆಗೆ ಅರ್ಜಿ ಹಾಕಬೇಕು. 144ರ ಆದೇಶವಾದರೆ ಕಲಂ 146. ಡಿಕ್ರಿ ಅಥವಾ ಒಪ್ಪಂದದಿಂದ ನಿಗದಿಯಾದದ್ದಾದರೆ 1956ರ ಕಾಯ್ದೆಯ ಕಲಂ 25, ಪರಿಸ್ಥಿತಿ ಬದಲಾದರೆ ಮೊತ್ತವನ್ನೂ ಬದಲಿಸಬಹುದು ಎನ್ನುತ್ತದೆ. ಎರಡೂ ಕಡೆಗೆ ಅದೇ ಬಾಗಿಲು, ಹೆಚ್ಚಿಸಲೂ ಹೌದು. ಒಪ್ಪಂದದಲ್ಲೇ “ಉದ್ಯೋಗ ಹೋದ ದಾಖಲೆ ಕೊಟ್ಟರೆ 4 ತಿಂಗಳು ಅರ್ಧ ಮೊತ್ತ, ಉಳಿದರ್ಧ ಮುಂದಿನ 12 ಕಂತುಗಳಲ್ಲಿ” ಎಂದು ಬರೆದುಕೊಂಡರೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಮಗು ನೋಡಲು ಬಿಡಲಿಲ್ಲ ಎಂದು ಹಣ ನಿಲ್ಲಿಸುವುದು, ಹಣ ಬರಲಿಲ್ಲ ಎಂದು ಮಗುವನ್ನು ತೋರಿಸದಿರುವುದು, ಎರಡೂ ತಪ್ಪು. ಎರಡೂ ಬೇರೆ ಬೇರೆ ಷರತ್ತು, ಒಂದಕ್ಕೊಂದು ಗಂಟು ಹಾಕಬಾರದು. ಮಗುವಿಗೆ ಕೊಡಿಸಿದ ಸೈಕಲ್ಲು, ಫೋನು, ಹಬ್ಬದ ಬಟ್ಟೆ ಜೀವನಾಂಶದ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಗೆ ನೇರ ಕಟ್ಟಿದ ಫೀಸೂ ಅಷ್ಟೆ, ಒಪ್ಪಂದದಲ್ಲಿ ಹಾಗೆ ಕಟ್ಟಬಹುದು ಎಂದಿದ್ದರೆ ಮಾತ್ರ ಧೈರ್ಯ. ಕೈಯಲ್ಲಿ ನಗದು ಕೊಡಲೇಬೇಡಿ. ಬ್ಯಾಂಕ್ ವರ್ಗಾವಣೆ ಮಾಡಿ, ಷರಾದಲ್ಲಿ ತಿಂಗಳು ಮತ್ತು “ಜೀವನಾಂಶ” ಎಂದು ಬರೆಯಿರಿ.

ಅಮಲ್ಜಾರಿ

ಸರಿಯಾಗಿ ಹೇಳಿದಿರಿ. ವಸೂಲಿಯ ಕಡೆಯಿಂದ ನೋಡಿದರೆ ತಾರೀಖಿನ ಎಚ್ಚರ ಮುಖ್ಯ. 144ರ ಆದೇಶದ ಬಾಕಿಗೆ ಹಣ ಕೊಡಬೇಕಿದ್ದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕದಿದ್ದರೆ ವಾರಂಟಿನ ದಾರಿ ಮುಚ್ಚುತ್ತದೆ. “ಮುಂದಿನ ತಿಂಗಳು ಕೊಡುತ್ತಾರಂತೆ” ಎಂದು ಕಾದು ಕೂತವರು ಕಳೆದುಕೊಳ್ಳುವುದು ಇದನ್ನೇ. ಸಿವಿಲ್ ಡಿಕ್ರಿಯ ಅಮಲಿಗೆ 12 ವರ್ಷ ಇದೆ. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂಬುದೂ ಸುಳ್ಳು. ಸೆರೆ ಎನ್ನುವುದು ಕಟ್ಟಿಸುವ ದಾರಿ, ಸಾಲ ತೀರುವ ದಾರಿ ಅಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಸಂಬಳದ ಜಪ್ತಿಯಲ್ಲಿ ಜೀವನಾಂಶದ ಡಿಕ್ರಿಗೆ ವಿಶೇಷ ಬಲ ಇದೆ. ಸಂಬಳದ ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದ ಎರಡು ಭಾಗ ಜಪ್ತಿಗೆ ಸಿಗುತ್ತದೆ (ಸಿವಿಲ್ ಪ್ರಕ್ರಿಯಾ ಸಂಹಿತೆ, ಕಲಂ 60). ಕೆಲಸ ಬದಲಿಸಿದರೆ ಹೊಸ ಕಂಪನಿಯ ಹೆಸರನ್ನು 15 ದಿನದಲ್ಲಿ ತಿಳಿಸಬೇಕು ಎಂಬ ಷರತ್ತು ಇದ್ದರೆ ಜಪ್ತಿ ಆದೇಶ ಯಾರಿಗೆ ಕಳಿಸಬೇಕು ಎಂದು ಹುಡುಕಬೇಕಿಲ್ಲ.

ಸಂಬಳವೇ ಇಲ್ಲದ ವ್ಯಾಪಾರಸ್ಥರಾದರೆ ಭದ್ರತೆ ಕೇಳಿ. ಆಸ್ತಿಯ ಮೇಲೆ ಋಣಭಾರ ಬರೆಸಿ, ಡಿಕ್ರಿಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆದರೆ ಕಾಣಬೇಕು. ಕಾಣದಿದ್ದರೆ ಕೊಂಡವರು “ನಮಗೆ ಗೊತ್ತಿರಲಿಲ್ಲ” ಅನ್ನುತ್ತಾರೆ. ಕೊಡುವವರು ತೀರಿಕೊಂಡರೆ ಎಂಬುದಕ್ಕೆ ಟರ್ಮ್ ವಿಮೆ. ಅದರಲ್ಲೂ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರ ಅಡಿ ಮಕ್ಕಳ ಹೆಸರಿಗೆ ಮಾಡಿಸಿದ ಪಾಲಿಸಿಯೇ ಮೇಲು, ವಿಚ್ಛೇದಿತರೂ ಮಕ್ಕಳಿಗಾಗಿ ಮಾಡಿಸಬಹುದು. ಸಾಮಾನ್ಯ ಪಾಲಿಸಿಯಲ್ಲಿ ನಾಮಿನಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಇದರಲ್ಲಿ ಆಗದು. ಪ್ರೀಮಿಯಂ ರಶೀದಿಯನ್ನು ಪ್ರತಿ ವರ್ಷ ಕಳಿಸುವ ಷರತ್ತು ಇರಲಿ. ಕಟ್ಟದೆ ಬಿಟ್ಟ ಪಾಲಿಸಿ ಬರೀ ಕಾಗದ.

ನ್ಯೂಜೆರ್ಸಿಯಿಂದ

ಒಬ್ಬರು ಅಮೆರಿಕದಲ್ಲಿ, ಒಬ್ಬರು ಮೈಸೂರಿನಲ್ಲಿ ಇರುವ ಜೋಡಿಗಳಿಗೆ ಎರಡು ಮಾತು. ಕರ್ನಾಟಕದ ಡಿಕ್ರಿ ಇಲ್ಲಿ ತಾನಾಗಿ ಜಾರಿಗೆ ಬರುವುದಿಲ್ಲ, ಇಲ್ಲಿನ ಕೋರ್ಟಿಗೆ ಹೊಸದಾಗಿ ಹೋಗಬೇಕು. ಆದ್ದರಿಂದ ಹೊರದೇಶದಲ್ಲಿರುವವರಿಂದ ತಿಂಗಳ ಭರವಸೆಗಿಂತ ಊರಿನ ಠೇವಣಿ ವಾಸಿ.

ಮಕ್ಕಳೂ ಇಲ್ಲೇ ಇದ್ದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ನ್ಯೂಜೆರ್ಸಿಯಲ್ಲಿ ಮಕ್ಕಳ ಜೀವನಾಂಶ ಸಾಮಾನ್ಯವಾಗಿ 19ಕ್ಕೆ ನಿಲ್ಲುತ್ತದೆ, ಕಾಲೇಜಿನಲ್ಲಿದ್ದರೆ ಕೇಳಿಕೊಂಡು 23ರವರೆಗೆ ಮುಂದುವರಿಸಬಹುದು. ಕಾಲೇಜಿನ ಖರ್ಚಿಗೂ ಕೋರ್ಟು ಆದೇಶಿಸಬಲ್ಲದು. ಇಲಿನಾಯ್‌ನಲ್ಲೂ ಆದೇಶಿಸಬಹುದು. ಆದರೆ ಅಲ್ಲಿ ಮಿತಿ ಇದೆ, ಸಾಮಾನ್ಯವಾಗಿ ಅರ್ಬಾನಾ–ಷಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯದ ಖರ್ಚಿಗಿಂತ ಹೆಚ್ಚು ಹೇರುವಂತಿಲ್ಲ. ಮೇಲೆ ಸೀಟುಪಟ್ಟಿಯವರು ಕೆಇಎ ಸೀಟನ್ನು ಅಳತೆಗೋಲು ಮಾಡಿದ್ದಾರಲ್ಲ, ಅದೇ ಬುದ್ಧಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಒಪ್ಪಂದದಲ್ಲಿ ಬರೆಯದಿದ್ದರೆ ಕಾಲೇಜಿಗೆ ಕೊಡಿಸುವ ದಾರಿ ಇಲ್ಲ. 529 ಖಾತೆ (ಇಲ್ಲಿನ ಕಾಲೇಜು ಉಳಿತಾಯ ಖಾತೆ) ಯಾರ ಹೆಸರಿನಲ್ಲಿದೆಯೋ ಅವರು ಫಲಾನುಭವಿಯನ್ನೇ ಬದಲಿಸಬಹುದು. ಹಾಗಾಗಿ ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ಕೊಡಬೇಕು, ಬೇರೆಯದಕ್ಕೆ ತೆಗೆಯಬಾರದು ಎಂದು ಬರೆಸಿ. 2024–25ರಿಂದ ಎಫ್‌ಎಎಫ್‌ಎಸ್‌ಎ (ಕಾಲೇಜಿಗೆ ಸರ್ಕಾರಿ ನೆರವು ಕೇಳುವ) ಅರ್ಜಿಯಲ್ಲಿ ಲೆಕ್ಕ ಕೊಡಬೇಕಾದವರು ಹೆಚ್ಚು ಹಣ ಕೊಡುವ ಪಾಲಕರು. ಮಗು ಯಾರ ಮನೆಯಲ್ಲಿದೆ ಎಂಬ ಹಳೆಯ ಲೆಕ್ಕ ಈಗಿಲ್ಲ.

ತುಂಗಾತೀರ

ಮಗಳು ಹಾಸ್ಟೆಲಿಗೆ ಹೋದರೆ ತಿಂಗಳ ಜೀವನಾಂಶ ತಾಯಿಗೆ ಬರಬೇಕೇ? ಆಗ ಮನೆಯಲ್ಲಿ ಅವಳ ಖರ್ಚೇ ಇರುವುದಿಲ್ಲ ಎಂದು ವಾದ ಬರುತ್ತದೆ.

ಲೆಕ್ಕದಪುಸ್ತಕ

ಪೂರ್ತಿ ನಿಲ್ಲಿಸಿದರೆ ರಜೆಗೆ ಬಂದಾಗ, ಕಾಯಿಲೆ ಬಿದ್ದಾಗ ಹಣ ಎಲ್ಲಿಂದ? ಪೂರ್ತಿ ಕೊಟ್ಟು ಹಾಸ್ಟೆಲ್ಲೂ ಕಟ್ಟಿದರೆ ಎರಡೆರಡು ಸಲ ಕೊಟ್ಟಂತೆ. ಮೂರನೇ ಒಂದು ಭಾಗ ತಾಯಿಗೆ, ಉಳಿದದ್ದು ಮಗಳ ಖಾತೆಗೆ, ಮೆಸ್ ಬಿಲ್ಲು ಅದರಿಂದಲೇ, ಹಾಸ್ಟೆಲಿನ ಬಾಡಿಗೆ ಮಾತ್ರ 60:40, ಹೀಗೆ ಮಾಡಬಹುದು. 18 ತುಂಬಿದ ಮೇಲೆ ಮಗಳ ಖಾತೆಗೇ ಹೋಗುವುದು ಒಳ್ಳೆಯದು. ಆಗ ಕೇಳುವ ಹಕ್ಕುದಾರಳೂ ಅವಳೇ.

ಕರಡುಪ್ರತಿ

ಎಲ್ಲರ ಮಾತು ಸೇರಿಸಿ ಆ ಮೂರನೇ ಸಾಲನ್ನು ಹೀಗೆ ತಿದ್ದಿದ್ದೇನೆ. ಕಣ್ಣು ಹಾಯಿಸಿ:

“ಮಗಳ ಪಿಯುಸಿ ಹಾಗೂ ಮೊದಲ ಪದವಿಯ ಬೋಧನಾ, ಪರೀಕ್ಷಾ, ಪ್ರಯೋಗಾಲಯ ಶುಲ್ಕ, ಹಾಸ್ಟೆಲ್ ಬಾಡಿಗೆ, ಪುಸ್ತಕ, ಒಂದು ಲ್ಯಾಪ್‌ಟಾಪ್ ಮತ್ತು ಪ್ರವೇಶ ಪರೀಕ್ಷೆಯ ತರಬೇತಿಯ ವೆಚ್ಚವನ್ನು (ಅನುಸೂಚಿಯ ಮಿತಿಯೊಳಗೆ) ತಂದೆ ಶೇ 60, ತಾಯಿ ಶೇ 40ರಂತೆ ಭರಿಸತಕ್ಕದ್ದು. ದ್ವಿತೀಯ ಪಿಯುಸಿ ವರ್ಷದ ಮೇ 1ರೊಳಗೆ ಅನುಸೂಚಿಯ ಮುಂಗಡವನ್ನು ಮಗಳ ಖಾತೆಗೆ ಜಮಾ ಮಾಡತಕ್ಕದ್ದು. ನಂತರದ ವರ್ಷಗಳ ಪಾಲನ್ನು ಪ್ರವೇಶ ಪಡೆದ ದಿನದಿಂದ 5 ದಿನದೊಳಗೆ ಕೊಡತಕ್ಕದ್ದು. ತಡವಾದರೆ ವಾರ್ಷಿಕ ಶೇ 9 ಬಡ್ಡಿ. ಶಿಕ್ಷಣ ಸಾಲ ಪಡೆದಲ್ಲಿ ತಂದೆಯು ಸಹ-ಸಾಲಗಾರನಾಗಿ ಸಹಿ ಮಾಡತಕ್ಕದ್ದು, ಬಡ್ಡಿಯನ್ನು ಇದೇ ಪ್ರಮಾಣದಲ್ಲಿ ಉಭಯತರೂ ಕಟ್ಟತಕ್ಕದ್ದು. ಈ ಹೊಣೆಯು ಪದವಿ ಮುಗಿಯುವವರೆಗೆ ಅಥವಾ ಮಗಳಿಗೆ 24 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಇರತಕ್ಕದ್ದು.”

ಸೀಟುಪಟ್ಟಿ

24 ಸಾಲದು. ಬಿಇಗೆ 4 ವರ್ಷ, ಆರ್ಕಿಟೆಕ್ಚರ್, ಐದು ವರ್ಷದ ಕಾನೂನಿಗೆ 5, ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ. 18ಕ್ಕೆ ಪಿಯುಸಿ ಮುಗಿಸಿ ನೀಟ್‌ಗೆ ಒಂದು ವರ್ಷ ಕೂತರೆ ಇಪ್ಪತ್ತನಾಲ್ಕೂವರೆ ಆಯಿತು. 25 ಮಾಡಿ, ಜೊತೆಗೆ “ಕೋರ್ಸಿನ ನಿಗದಿತ ಅವಧಿಯ ಮೇಲೆ ಗರಿಷ್ಠ 1 ವರ್ಷ” ಎಂದು ಸೇರಿಸಿ. ಬ್ಯಾಕ್‌ಲಾಗ್ ಉಳಿಸಿಕೊಂಡು ವರ್ಷಗಟ್ಟಲೆ ಎಳೆಯುವುದಕ್ಕೆ ಅದು ತಡೆ.

ಕೊಡುವಕೈ

“ಅನುಸೂಚಿಯ ಮಿತಿ” ಎಂದಿದ್ದೀರಿ, ಅನುಸೂಚಿ ಲಗತ್ತಿಸಿ ಅದಕ್ಕೂ ಪ್ರತಿ ಪುಟ ಇಬ್ಬರ ಸಹಿ ಹಾಕಿಸಿ. ಅರ್ಜಿಯ ಜೊತೆ ಅನುಸೂಚಿ ಸೇರದೆ ಹೋದರೆ ಮತ್ತೆ ಮೊದಲಿನ ಕಥೆಯೇ.

ಅಮಲ್ಜಾರಿ

“ಪ್ರವೇಶ ಪಡೆದ ದಿನ” ಎಂಬುದಕ್ಕೆ ಯಾವ ಕಾಗದ ಸಾಕ್ಷಿ? ಎರಡನೇ ವರ್ಷದಿಂದ ಪ್ರವೇಶ ಎನ್ನುವುದೇ ಇಲ್ಲ, ಬರುವುದು ಶುಲ್ಕದ ಚಲನ್. ಶುಲ್ಕ ಕಟ್ಟಿದ ಮೇಲೆ ಹಣ ಕೊಟ್ಟರೆ ಮುಂಗಡದ ಉದ್ದೇಶವೂ ತಪ್ಪಿತು.

ಕರಡುಪ್ರತಿ

ಒಪ್ಪಿದೆ. “ಕಾಲೇಜಿನ ಚಲನ್ ಅಥವಾ ಶುಲ್ಕದ ನೋಟಿಸಿನ ಪ್ರತಿ ಇಮೇಲಿನಲ್ಲಿ ತಲುಪಿದ 5 ದಿನದೊಳಗೆ, ಹೇಗೂ ಅದರಲ್ಲಿನ ಕೊನೆಯ ದಿನಾಂಕಕ್ಕೆ 2 ದಿನ ಮುಂಚೆ” ಎಂದು ತಿದ್ದಿದೆ. 24ನ್ನು 25 ಮಾಡಿದೆ. ಇಬ್ಬರ ಇಮೇಲ್ ವಿಳಾಸವನ್ನೂ ಅನುಸೂಚಿಯ ಮೊದಲ ಸಾಲಿಗೆ ಹಾಕಿದ್ದೇನೆ.